ಎರಡು ಬೆರಳು ಮೇಲೆ ನಿಂತ ಜಾಕ್

"ಅಮ್ಮಾ, ನನ್ನ ಗಂಡನ ಕಾಲು ಮುರಿದಿದ್ದು ಇದೇನಾ, ಅಲ್ವಾ? ಅಷ್ಟು ಹೇಳಿ ಸಾಕು."

ಹೀಗೆಂದು ಆ ಹೆಣ್ಣುಮಗಳು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಭಾರದ ಸಾಮಾನನ್ನು ನಮ್ಮ ಊಟದ ಮೇಜಿನ ಮೇಲಿಟ್ಟಳು. ಮೇಜು ಒಂದು ಕಡೆಗೆ ಕುಂಟಿತು. ಅದರ ಕಾಲು ಸರಿ ಮಾಡುತ್ತೇನೆಂದು ನಾನು ಹೇಳಲು ಶುರು ಮಾಡಿ ಎರಡು ವರ್ಷವಾಗಿತ್ತು.

ಅತ್ತಿಗೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಯಿಂದ ಅಂಗಡಿಗೆ ನಡೆದು ತಕ್ಕಡಿಗಳಿಗೆ ಮುದ್ರೆ ಹಾಕಿದವರು ಅವರು. ನಿವೃತ್ತಿಯಾದ ಮೇಲೆ ಆ ಕಾಲುಗಳು ದಿನಾ ಸಂಜೆ ಊದಿಕೊಳ್ಳುತ್ತಿದ್ದವು. ನನ್ನ ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ಕಣ್ಣು ಮಂಜು ಮಾಡಿಕೊಂಡವನು. ಅತ್ತಿಗೆಯ ಹಿಂದೆ ಚೀಲ ಹಿಡಿದು ನಡೆಯುವುದೊಂದೇ ನನಗೆ ಉಳಿದಿದ್ದ ಉದ್ಯೋಗ, ಅದಕ್ಕೂ ನನ್ನ ಸೊಂಟದ ಒಪ್ಪಿಗೆ ಇರಲಿಲ್ಲ.

ಇಡೀ ಬಡಾವಣೆ ಅವರನ್ನು ತಕ್ಕಡಿಯಮ್ಮ ಎನ್ನುತ್ತಿತ್ತು. ಕಳೆದುಹೋದ ಓಲೆ, ಸಹಿಯಿಲ್ಲದ ಪತ್ರ, ಯಾರೂ ಮುರಿಯದೆ ಮುರಿದ ಬೀಗ, ಎಲ್ಲವೂ ನಮ್ಮ ಮನೆಗೆ ಬರುತ್ತಿದ್ದವು. ಪೊಲೀಸರಿಗೆ ಹೇಳಲು ಸಂಕೋಚ, ಹೇಳದಿದ್ದರೆ ನಿದ್ದೆಯಿಲ್ಲ, ಅಂಥ ಸಂಗತಿಗಳು. ಈಗ ಬಂದವಳು ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರ್. ಅವಳ ಗಂಡ ಕೊರಿಯರ್ ಕೆಲಸದವನು, ಮೋಟಾರ್‌ ಸೈಕಲ್ ಮೇಲೆ ಮನೆಮನೆಗೆ ಪೊಟ್ಟಣ ಮುಟ್ಟಿಸುತ್ತಿದ್ದ.

"ಕೂತ್ಕೋ ಮಗಾ," ಎಂದರು ಅತ್ತಿಗೆ. "ಮೊದಲಿಂದ ಹೇಳು."

"ಅವರು ಗಾಡಿ ರಿಪೇರಿ ಎಲ್ಲ ಮನೇಲೇ ಮಾಡ್ಕೊಳ್ತಾರಮ್ಮ. ಮೊದಲು ಇಂಜಿನ್ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸ್ತಿದ್ರು. ನಂಗೆ ಅದನ್ನ ನೋಡಿದ್ರೆ ಜೀವ ಹೋದಂಗಾಗ್ತಿತ್ತು. ಅದಕ್ಕೇ ನಾನೇ ಈ ಜಾಕ್ ತಂದುಕೊಟ್ಟೆ. ತಂದ ಮೂರನೇ ಭಾನುವಾರ ಬೆಳಿಗ್ಗೆ ಎಣ್ಣೆ ಬದಲಾಯಿಸ್ತಿದ್ರು, ಗಾಡಿ ಮೈಮೇಲೆ ಬಿತ್ತು. ತೊಡೆ ಮೂಳೆ ಮುರಿದಿದೆ, ತಲೆಗೂ ಪೆಟ್ಟು. ಜಾಕ್ ತಾನಾಗೇ ಕೂತುಬಿಡ್ತು ಅಂತಾರೆ ಎಲ್ಲರೂ."

"ಅವನೇನಂತಾನೆ?"

"ಅವರಿಗೆ ನೆನಪೇ ಇಲ್ಲ. ಎಣ್ಣೆ ಹಿಡಿಯೋಕೆ ತಟ್ಟೆ ಇಟ್ಟಿದ್ದು ನೆನಪಿದೆಯಂತೆ. ಆಮೇಲೆ ನೆನಪಿರೋದು ಆಸ್ಪತ್ರೆ ಫ್ಯಾನು." ಅವಳು ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ. "ಹನ್ನೊಂದು ದಿನ ಆಯ್ತು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. 'ಅಗ್ಗದ್ದು ತಂದು ನನ್ನ ಮಗನ್ನ ಮಲಗಿಸಿದ್ಲು' ಅಂತ ಬಂದೋರಿಗೆಲ್ಲ ಹೇಳ್ತಾರೆ. ನಿಜವಾಗ್ಲೂ ನಾನು ತಂದಿದ್ರಿಂದಲೇ ಹೀಗಾಗಿದ್ರೆ ಆ ಮನೇಲಿರೋ ಮುಖ ನಂಗಿಲ್ಲಮ್ಮ. ನಮ್ಮಮ್ಮನ ಮನೆಗೆ ಹೋಗಿಬಿಡ್ತೀನಿ. ಅವರು ಕುಂಟೋದನ್ನ ದಿನಾ ನೋಡ್ಕೊಂಡು ಹೇಗಿರಲಿ?"

ಅತ್ತಿಗೆ ಬಕೆಟ್ಟಿನಿಂದ ಕಾಲು ತೆಗೆದು ಒರೆಸಿಕೊಂಡರು. ಅಂದರೆ ಕೇಸು ಒಪ್ಪಿಕೊಂಡರು. ನನ್ನ ಮಧ್ಯಾಹ್ನದ ನಿದ್ದೆಗೆ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು.

ಗೋಣಿ ಬಿಚ್ಚಿದಾಗ ಕಂಡದ್ದು ಕತ್ತರಿ ಜಾಕ್. ನಾಲ್ಕು ಕಬ್ಬಿಣದ ತೋಳುಗಳು, ಅವುಗಳ ನಡುವೆ ಅಡ್ಡಲಾಗಿ ಉದ್ದನೆಯ ಸ್ಕ್ರೂ. ಸ್ಪ್ಯಾನರ್ ಹಾಕಿ ಸ್ಕ್ರೂ ತಿರುಗಿಸಿದರೆ ತೋಳುಗಳು ತೆರೆದುಕೊಂಡು ಮೇಲೇಳುತ್ತವೆ, ಉಲ್ಟಾ ತಿರುಗಿಸಿದರೆ ಮಡಚಿಕೊಂಡು ಕೂರುತ್ತವೆ. ತಲೆಯ ಮೇಲೆ ರಬ್ಬರ್ ಪಟ್ಟಿ. ಅಡಿಯಲ್ಲಿ ಒಂದೂವರೆ ಅಡಿ ಉದ್ದದ ದಪ್ಪ ಹಲಗೆ. ಜಾಕ್ ಅಲುಗಾಡದಿರಲೆಂದು ಅವಳ ಗಂಡನೇ ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದ.

"ಸಿಕ್ಕಾಗ ಹೀಗೇ ಇತ್ತಾ?"

"ಹೀಗೇ ಇತ್ತು. ಭಾವ ಗಾಡಿ ಎತ್ತಿದ್ರು. ಅತ್ತೆ ಸಿಟ್ಟಲ್ಲಿ ಇದನ್ನ ಮೂಲೆಗೆ ಒದ್ದರು. ಅಷ್ಟೇ. ಯಾರೂ ತಿರುಗಿಸಿಲ್ಲ."

ಜಾಕ್ ಮಡಚಿಕೊಂಡಿತ್ತು, ಆದರೆ ಪೂರ್ತಿಯಲ್ಲ. ಅತ್ತಿಗೆ ತಮ್ಮ ಹಳೆಯ ಉಕ್ಕಿನ ಅಳತೆಪಟ್ಟಿ ತಂದು ನೋಡಿದರು. ತಳ ಮುಟ್ಟಲು ಇನ್ನೂ ಎರಡು ಬೆರಳಿನಷ್ಟು ಬಾಕಿಯಿತ್ತು. ಸ್ಪ್ಯಾನರ್ ಹಾಕಿ ಇಳಿಸಿದರೆ ಸರಿಯಾಗಿ ಐದು ಸುತ್ತಿನಲ್ಲಿ ತಳ ಮುಟ್ಟಿತು. ಆಮೇಲೆ ಮೇಲೇರಿಸಿದರು. ಸ್ಕ್ರೂ ಕಿರ್ ಕಿರ್ ಎಂದಿತು. ತೋಳುಗಳು ತೆರೆದುಕೊಂಡಾಗ ಅವುಗಳ ಒಳಮೈಯಲ್ಲೆಲ್ಲ ಕಪ್ಪು ಎಣ್ಣೆ ಚಿಮ್ಮಿ ಅಂಟಿಕೊಂಡಿದ್ದು ಕಾಣಿಸಿತು. ಅತ್ತಿಗೆ ಬೆರಳಲ್ಲಿ ಒರೆಸಿ ಮೂಸಿದರು.

"ಎಷ್ಟು ಎತ್ತರಕ್ಕೆ ಎತ್ತುತ್ತಿದ್ದ ಅಂತ ಗೊತ್ತಾ ನಿಂಗೆ?"

"ಎಂಟೂವರೆ ಇಂಚು," ಎಂದು ಅವಳು ಚೀಲದಿಂದ ಮಡಚಿದ ಕಂದು ಕಾಗದವೊಂದನ್ನು ತೆಗೆದು ಹಾಸಿದಳು. ರವಿಕೆಯ ಅಳತೆಗೆ ಕಾಗದ ಕತ್ತರಿಸುವಂತೆ ಅವಳು ಗಾಡಿಯ ಹೊಟ್ಟೆಯಡಿಯ ಅಳತೆಗೆ ಕಾಗದ ಕತ್ತರಿಸಿದ್ದಳು. ಚೌಕಟ್ಟಿನ ಎರಡು ಕೊಳವೆಗಳು ಎಲ್ಲಿ ಹಾದಿವೆ, ಅವುಗಳ ನಡುವೆ ಎಷ್ಟು ಅಂತರ, ಎಣ್ಣೆಯ ಬಿರಡೆ ಎಲ್ಲಿದೆ, ನೆಲಕ್ಕೆಷ್ಟು ದೂರ, ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆದಿದ್ದಳು. ಅತ್ತಿಗೆ ಆ ಕಾಗದವನ್ನು ನೋಡಿದ ಪರಿ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಲವತ್ತು ವರ್ಷದಲ್ಲಿ ನಾನು ಮಾಡಿದ ಯಾವ ಕೆಲಸವನ್ನೂ ಅವರು ಹಾಗೆ ನೋಡಿರಲಿಲ್ಲ.

"ನಿನ್ನ ತೂಕ ಎಷ್ಟು?" ಎಂದರು ನನ್ನ ಕಡೆ ತಿರುಗಿ.

"ಎಪ್ಪತ್ತೆಂಟು. ಯಾಕೆ?"

"ಇದರ ಮೇಲೆ ಹತ್ತಿ ನಿಲ್ಲು."

ಗೋಡೆ ಹಿಡಿದುಕೊಂಡು ಒಂದೇ ಕಾಲಿನಲ್ಲಿ ಜಾಕ್ ಮೇಲೆ ಹದಿನೈದು ನಿಮಿಷ ನಿಂತೆ, ಅಕ್ಕಿಯ ಡಬ್ಬಿಯನ್ನು ಕಂಕುಳಲ್ಲಿ ಬೇರೆ ಕೊಟ್ಟಿದ್ದರು. ಅತ್ತಿಗೆ ಐದೈದು ನಿಮಿಷಕ್ಕೊಮ್ಮೆ ಅಳತೆಪಟ್ಟಿ ಹಿಡಿದರು. ಜಾಕ್ ಕೂದಲೆಳೆಯಷ್ಟೂ ಇಳಿಯಲಿಲ್ಲ. ಇಳಿದದ್ದು ನನ್ನ ಮರ್ಯಾದೆ ಮಾತ್ರ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆವು. ಎರಡಂತಸ್ತಿನ ಮನೆ. ಕೆಳಗೆ ಇವರು, ಮೇಲೆ ಬಾಡಿಗೆಗೆ ಒಬ್ಬ ನಿವೃತ್ತ ಮೇಷ್ಟ್ರು. ಪಕ್ಕದಲ್ಲಿ ಗೋಡೆಗಳ ನಡುವೆ ಉದ್ದನೆಯ ಓಣಿ, ಅಲ್ಲೇ ಮೋಟಾರ್‌ ಸೈಕಲ್ ನಿಲ್ಲಿಸುವ ಜಾಗ. ಬಿದ್ದ ಗಾಡಿಯನ್ನು ಎತ್ತಿ ಗೋಡೆಗೆ ಒರಗಿಸಿದ್ದರು. ಮುಂದಿನ ಬ್ರೇಕಿನ ಹಿಡಿಯನ್ನು ಹ್ಯಾಂಡಲ್‌ಗೆ ಸೇರಿಸಿ ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಬಿಗಿಯಾಗಿ ಕಟ್ಟಿದ್ದು ಹಾಗೇ ಇತ್ತು. ಗಾಡಿ ಉರುಳದಿರಲೆಂದು ಆತ ರಿಪೇರಿ ಮಾಡುವಾಗಲೆಲ್ಲ ಹೀಗೆ ಕಟ್ಟುತ್ತಿದ್ದನಂತೆ. ನೆಲದ ಮೇಲೆ ಚೆಲ್ಲಿದ ಎಣ್ಣೆಯ ಕಪ್ಪು ಕಲೆ ಓಣಿಯಗಲ ಹರಡಿತ್ತು, ನಟ್ಟ ನಡುವೆ ಮಾತ್ರ ಒಂದೂವರೆ ಅಡಿಯ ಜಾಗ ಒಣಗಿ ಬೆಳ್ಳಗಿತ್ತು. ಹಲಗೆ ಇದ್ದ ಜಾಗ. ಅಂಚುಗಳು ಗೆರೆ ಎಳೆದಂತೆ ನೇರವಾಗಿದ್ದವು.

ಅತ್ತೆ ಬಾಗಿಲಲ್ಲೇ ನಿಂತು ನಮ್ಮನ್ನು ಒಳಗೆ ಕರೆಯಲೋ ಬೇಡವೋ ಎಂದು ನೋಡಿದರು. "ನಾನು ಅಡುಗೆಮನೇಲಿ ಮಿಕ್ಸಿ ಹಾಕಿದ್ದೆ. ಏನೂ ಕೇಳಿಸ್ಲಿಲ್ಲ. ದೊಡ್ಡವನು ಕಿರುಚಿಕೊಂಡಾಗಲೇ ಓಡಿ ಬಂದಿದ್ದು. ದುಡಿಯೋ ಮಗ, ಕಂಬದಂಗಿದ್ದ. ನಾಲ್ಕು ಕಾಸು ಉಳಿಸೋಕೆ ಹೋಗಿ ಹಿಂಗೆ ಮಾಡಿದ್ಲು." ಸೊಸೆ ಅಲ್ಲೇ ನಿಂತಿದ್ದಳು. ಅವಳು ಅಲ್ಲಿ ಇಲ್ಲವೆಂಬಂತೆ ಅವರು ಮಾತಾಡಿದರು.

ದೊಡ್ಡ ಮಗನೆಂದರೆ ಟೈರಣ್ಣ. ಲಾರಿ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ, ಹಾಗಾಗಿ ಆ ಹೆಸರು. ಎರಡಾಳಿನ ಮೈಕಟ್ಟು, ಕಣ್ಣಿನ ಕೆಳಗೆ ಕಪ್ಪು. ಅವನು ನಮಗೆ ಕುರ್ಚಿ ಹಾಕಿದ, ನೀರು ಕೊಟ್ಟ, ತಮ್ಮನ ಹೆಂಡತಿಗೆ, "ನೀನು ತಿಂಡಿ ತಿಂದ್ಯೇನಮ್ಮಾ?" ಎಂದು ಕೇಳಿದ. ಆ ಮನೆಯಲ್ಲಿ ಅವಳನ್ನು ಹಾಗೆ ಕೇಳುವವನು ಅವನೊಬ್ಬನೇ ಎಂದು ಅವಳು ನಮಗೆ ಮೊದಲೇ ಹೇಳಿದ್ದಳು.

"ನಾನು ಡ್ಯೂಟಿ ಮುಗಿಸಿ ಗೇಟು ತೆಗೀತಿದ್ದೆ. ನೋಡ್ತೀನಿ, ಗಾಡಿ ಇವನ ಮೇಲೆ. ಜಾಕ್ ಕೂತುಬಿಟ್ಟಿತ್ತು," ಎಂದ. "ಅದು ಹಂಗೇ ಅಮ್ಮ. ನಮ್ಮ ಡಿಪೋದಲ್ಲೂ ಎಷ್ಟು ಸಲ ಆಗಿದೆ. ಗೊತ್ತೇ ಆಗಲ್ಲ, ಮೆಲ್ಲಗೆ ಇಳೀತಾ ಇಳೀತಾ ಕೂತುಬಿಡತ್ತೆ. ಇವಳದೇನೂ ತಪ್ಪಿಲ್ಲ. ಅಂಗಡಿಯವನು ಸರಿಯಾದ್ದು ಕೊಡಬೇಕಿತ್ತು."

ಮೇಲ್ಮನೆ ಮೇಷ್ಟ್ರಿಗೆ ಆ ಗಾಡಿ ಕಂಡರಾಗದು. ಓಣಿಯಲ್ಲಿ ಅಡ್ಡ ನಿಲ್ಲಿಸುತ್ತಾರೆಂದು ತಿಂಗಳಿಗೆರಡು ಜಗಳ. ಅವರ ಎಡ ಮಂಡಿ ಬಗ್ಗುತ್ತಿರಲಿಲ್ಲ, ಮೆಟ್ಟಿಲಿಳಿಯಲು ಐದು ನಿಮಿಷ ಬೇಕು. "ಆವತ್ತು ಟೀ ಕುಡೀತಿದ್ದೆ," ಎಂದರು. "ದಢಾರ್ ಅಂತು. ಇದೇನಪ್ಪಾ ಅಂದ್ಕೊಂಡೆ. ಆಮೇಲೆ ಕಿರ್ ಕಿರ್ ಅಂತ ಶಬ್ದ. ನಿಂತು ನಿಂತು ಬರ್ತಿತ್ತು. ಜಾಕ್ ಜಾರ್ತಿದ್ದದ್ದು ಅದೇ ಇರಬೇಕು. ಅರ್ಧ ಲೋಟ ಟೀ ಮುಗೀತು. ಆಮೇಲೆ ದೊಡ್ಡವನು 'ಅಮ್ಮಾ' ಅಂತ ಕೂಗಿದ."

ಬೀದಿಯ ಮೂಲೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮೆಕ್ಯಾನಿಕ್‌ನನ್ನು ಎಲ್ಲರೂ ಬೋಲ್ಟು ಎಂದೇ ಕರೆಯುತ್ತಿದ್ದರು. ನೆರೆಹೊರೆಯ ಗಾಡಿಗಳನ್ನೆಲ್ಲ ಇವಳ ಗಂಡ ಪುಕ್ಕಟೆ ಸರಿ ಮಾಡಿಕೊಡುತ್ತಾನೆಂದು ಅವನಿಗೆ ಉರಿ. 'ಒಂದಲ್ಲ ಒಂದು ದಿನ ಮೈಮೇಲೆ ಬೀಳತ್ತೆ ನೋಡ್ತಿರು' ಎಂದು ಹಿಂದಿನ ವಾರವೇ ಬೀದಿಗೆ ಕೇಳುವಂತೆ ಕೂಗಿದ್ದನಂತೆ. ಆ ಬೆಳಿಗ್ಗೆ ಅವನು ಗೇಟಿನ ಹತ್ತಿರ ಸುಳಿದಾಡಿದ್ದನ್ನು ಎದುರುಮನೆಯವರು ಕಂಡಿದ್ದರು.

"ಹೋಗಿದ್ದೆ. ಪ್ಲಗ್ ಸ್ಪ್ಯಾನರ್ ಇಸ್ಕೊಂಡಿದ್ದೆ, ವಾಪಸ್ ಕೊಡೋಕೆ," ಎಂದ ಬೋಲ್ಟು, ಕೈಯಲ್ಲಿದ್ದ ಚೈನಿನಿಂದ ಕಣ್ಣೆತ್ತದೆ. "ಬೈತೀನಿ, ಇಸ್ಕೊಳ್ತೀನಿ. ಅವನ ಸಾಮಾನು ಚೆನ್ನಾಗಿರತ್ತೆ. ಎರಡು ಸಲ ಕರೆದೆ, ಮಿಕ್ಸಿ ಸದ್ದಲ್ಲಿ ಕೇಳಿಸ್ಲಿಲ್ಲ ಅನ್ಸತ್ತೆ. ಬಂದುಬಿಟ್ಟೆ. ನಾನು ಹೇಳಿದ ಮಾತು ಬಾಯಿಗೆ ಬಂದಿದ್ದು, ಮನಸ್ಸಿಂದ ಬಂದಿದ್ದಲ್ಲ." ಅವನ ಮುಖ ಸಪ್ಪಗಿತ್ತು. ನನಗಂತೂ ಅವನ ಮೇಲೇ ಅನುಮಾನ. ಹಾಗೆಂದು ದಾರಿಯಲ್ಲಿ ಅತ್ತಿಗೆಗೆ ಹೇಳಿದೆ. "ನಿನ್ನ ಅನುಮಾನ ಯಾರ ಮೇಲೆ ಬೀಳತ್ತೋ ಅವರನ್ನ ಬಿಟ್ಟುಬಿಡಬಹುದು," ಎಂದರು.

ಕಬ್ಬಿಣದ ಅಂಗಡಿಯವನು ನಮ್ಮನ್ನು ಕಂಡೊಡನೆ ಕೈ ಮುಗಿದ. ಅತ್ತಿಗೆ ಹಿಂದೊಮ್ಮೆ ಅವನ ತಕ್ಕಡಿಗೆ ಬೀಗ ಹಾಕಿಸಿದ್ದರು, ಆ ಭಯ ಇನ್ನೂ ಹೋಗಿರಲಿಲ್ಲ. "ಮೂರು ಥರ ತೋರಿಸಿದೆ ಮೇಡಂ," ಎಂದು ಮೂರನ್ನೂ ತಂದಿಟ್ಟ. ಮೊದಲನೆಯದು ಎಣ್ಣೆ ಜಾಕ್, ಬಾಟಲಿಯಂಥದು. ಹಿಡಿ ಒತ್ತಿದರೆ ಸಲೀಸಾಗಿ ಏಳುತ್ತದೆ. ಆದರೆ ತಲೆ ಸಣ್ಣದು, ಎರಡು ಕೊಳವೆಗೂ ತಾಗುವುದಿಲ್ಲ, ಒಳಗಿನ ವಾಷರ್ ಹಳತಾದರೆ ಎಣ್ಣೆ ಸೋರಿ ತಾನಾಗೇ ಇಳಿಯುತ್ತದೆ. ಎರಡನೆಯದು ಕಾಲಲ್ಲಿ ಒತ್ತಿ ಏರಿಸುವ ದೊಡ್ಡ ಮಣೆ. ಗಟ್ಟಿಯೇನೋ ಗಟ್ಟಿ, ಆದರೆ ಬೆಲೆ ಮೂರು ಪಟ್ಟು, ಆ ಓಣಿಯಲ್ಲಿ ಹಿಡಿಯುವುದೂ ಇಲ್ಲ. ಮೂರನೆಯದೇ ಕತ್ತರಿ ಜಾಕ್.

"ಆಯಮ್ಮ ಪೇಪರ್ ಹಾಸಿ ಒಂದೊಂದನ್ನೂ ಅದರ ಮೇಲಿಟ್ಟು ನೋಡಿದ್ರು. ತಲೆ ಎರಡೂ ಪೈಪಿಗೆ ತಾಗತ್ತಾ, ಬಿರಡೆಗೆ ಅಡ್ಡ ಬರತ್ತಾ, ತಳ ಅಗಲ ಇದೆಯಾ, ಎಷ್ಟು ಭಾರ ತಡೆಯತ್ತೆ, ಗಾಡಿ ಎಷ್ಟು ಭಾರ. ನನ್ನ ಹತ್ರ ಜಾಕ್ ತಗೊಂಡೋರು ಬಣ್ಣ ನೋಡಿ ತಗೊಂಡಿದ್ದಾರೆ ಮೇಡಂ. ಅಳತೆ ತಂದೋರು ಇವರೊಬ್ಬರೇ. ಅಗ್ಗ ಅಂತ ಅಲ್ಲ, ಸರಿ ಅಂತ ತಗೊಂಡಿದ್ದು. ಅಗ್ಗವೂ ಆಗಿತ್ತು, ಅಷ್ಟೇ."

ಅಲ್ಲಿಗೇ ಮನೆಗೆ ಹೋಗಬಹುದಿತ್ತು. ಅತ್ತಿಗೆ ಲಾರಿ ಡಿಪೋ ನೋಡಬೇಕೆಂದರು. ಬಿಸಿಲಲ್ಲಿ ಅರ್ಧ ಗಂಟೆ ನಡೆದು ಅಲ್ಲಿ ಗೇಟಿನ ಹೊರಗೆ ನಿಂತೆವು. ಹೊರೆ ತುಂಬಿದ ಲಾರಿಯೊಂದನ್ನು ಎರಡು ದೊಡ್ಡ ಎಣ್ಣೆ ಜಾಕ್‌ಗಳ ಮೇಲೆ ಎತ್ತಿ ಚಕ್ರ ಬಿಚ್ಚಿದ್ದರು. ಡ್ರೈವರ್ ಮೇಲೆ ಸೀಟಿನಲ್ಲಿ ಕೂತು ರೇಡಿಯೋ ತಿರುಗಿಸುತ್ತಿದ್ದ, ಇನ್ನೊಬ್ಬ ಹೊರೆಯ ಮೇಲೆ ಕಾಲು ಚಾಚಿ ಮಲಗಿದ್ದ, ಕೆಳಗೆ ಇಬ್ಬರು ಬ್ರೇಕು ಬಿಚ್ಚುತ್ತಿದ್ದರು. ಅತ್ತಿಗೆ ಅದನ್ನು ಎಷ್ಟು ಹೊತ್ತು ನೋಡಿದರೆಂದರೆ ಕಾವಲುಗಾರ ಬಂದು ಏನು ಬೇಕೆಂದು ಕೇಳಿದ. "ಏನೂ ಬೇಡಪ್ಪ, ಸಿಕ್ತು," ಎಂದರು. ಅವರ ಧ್ವನಿಯಲ್ಲಿ ಗೆಲುವಿರಲಿಲ್ಲ.

ಸಂಜೆ ಟೈಲರ್ ಹೆಣ್ಣುಮಗಳು ಬಂದಾಗ ಹೇಳಿದರು: "ಗೊತ್ತಾಗಿದೆ. ಎಲ್ಲಿ ಹೇಳಲಿ, ಯಾರ ಮುಂದೆ ಹೇಳಲಿ?"

"ಏನೇ ಇದ್ರೂ ಅವರ ಮುಂದೆ ಹೇಳಿ. ಬಿದ್ದಿರೋದು ಅವರ ಮೈಮೇಲೆ," ಎಂದಳು.

ಹೀಗಾಗಿ ಹದಿಮೂರನೆಯ ದಿನ ಸಂಜೆ ನಾಲ್ಕಕ್ಕೆ ನಾನು ಆ ಜಾಕನ್ನು ಹಲಗೆ ಸಮೇತ ಹೊತ್ತು ಆಸ್ಪತ್ರೆಯ ಎರಡು ಮಹಡಿ ಹತ್ತಬೇಕಾಯಿತು. ಲಿಫ್ಟು ರೋಗಿಗಳಿಗೆ ಮಾತ್ರವಂತೆ. ಮೇಲೆ ಮುಟ್ಟುವಷ್ಟರಲ್ಲಿ ನಾನೂ ಆ ಪಟ್ಟಿಗೆ ಸೇರಿದ್ದೆ. ವಾರ್ಡಿನ ನರ್ಸಮ್ಮ ಕಬ್ಬಿಣ ನೋಡಿ ಹುಬ್ಬೇರಿಸಿದರು. ಅತ್ತಿಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಿದ್ದರು. "ಹದಿನೈದೇ ನಿಮಿಷ," ಎಂದು ನರ್ಸಮ್ಮ ಪರದೆ ಎಳೆದರು.

ಮಂಚದ ಮೇಲೆ ಆತ, ಕಾಲು ತೂಗುಹಾಕಿಸಿಕೊಂಡು. ತಲೆಯ ಬದಿಗೆ ಹೆಂಡತಿ. ಸ್ಟೂಲಿನ ಮೇಲೆ ತಾಯಿ. ಕಿಟಕಿಗೆ ಒರಗಿ ಟೈರಣ್ಣ. ಮೇಷ್ಟ್ರನ್ನು ಬೋಲ್ಟು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ.

"ಜಾಕ್‌ನಿಂದ ಶುರು ಮಾಡ್ತೀನಿ," ಎಂದರು ಅತ್ತಿಗೆ. "ಇದು ಬಲವಾಗಿದೆ. ನನ್ನ ಮೈದುನನ್ನ ಕಾಲು ಗಂಟೆ ಇದರ ಮೇಲೆ ನಿಲ್ಲಿಸಿದೆ, ಕೂದಲಷ್ಟೂ ಇಳೀಲಿಲ್ಲ. ಅಳತೆ ತಪ್ಪಾ? ಇಲ್ಲ. ಈ ಹುಡುಗಿ ತಗೊಂಡಷ್ಟು ಅಳತೆ ನಮ್ಮ ಇಲಾಖೇಲೂ ಯಾರೂ ತಗೊಳ್ತಿರ್ಲಿಲ್ಲ. ಜಾಕ್ ಜಾರಿತಾ? ಎಣ್ಣೆ ಚೆಲ್ಲಿದ ನೆಲದಲ್ಲಿ ಹಲಗೆ ಇದ್ದ ಜಾಗ ನೇರವಾಗಿ, ಒಣಗಿ ಉಳಿದಿದೆ. ಜಾರಿಲ್ಲ. ಗಾಡಿ ಉರುಳಿತಾ? ಬ್ರೇಕಿಗೆ ಕಟ್ಟಿದ ರಬ್ಬರ್ ಹಾಗೇ ಇದೆ. ಬೋಲ್ಟಪ್ಪಾ, ನೀನು ಹೇಳು. ಈ ಸ್ಕ್ರೂ ಜಾಕ್ ತಾನಾಗೇ ಮೆಲ್ಲಗೆ ಇಳೀತದಾ?"

"ಸಾಧ್ಯವೇ ಇಲ್ಲ," ಎಂದ ಬೋಲ್ಟು. "ಸ್ಕ್ರೂ ಯಾರಾದ್ರೂ ತಿರುಗಿಸಿದ್ರೆ ಮಾತ್ರ. ಇಲ್ಲಾಂದ್ರೆ ಮುರೀಬೇಕು. ಇದು ಮುರಿದಿಲ್ಲ."

"ಮುರಿದಿಲ್ಲ. ಇನ್ನೊಂದು ನೋಡಿ." ಅತ್ತಿಗೆ ಜಾಕಿನ ತೋಳುಗಳನ್ನು ತೋರಿಸಿದರು. "ಒಳಗಡೆ ಎಣ್ಣೆ ಚಿಮ್ಮಿದೆ. ಎಣ್ಣೆ ಚೆಲ್ಲಿದ್ದು ಗಾಡಿ ಬಿದ್ದಾಗ. ಜಾಕ್ ಕೂತು ಆಮೇಲೆ ಗಾಡಿ ಬಿದ್ದಿದ್ರೆ, ಮಡಚಿಕೊಂಡ ತೋಳಿನ ಒಳಗೆ ಎಣ್ಣೆ ಹೋಗೋದು ಹೇಗೆ? ಅಂದ್ರೆ ಗಾಡಿ ಬಿದ್ದಾಗ ಜಾಕ್ ಎದ್ದೇ ನಿಂತಿತ್ತು. ಮೇಷ್ಟ್ರೇ, ಮೊದಲು ಯಾವ ಸದ್ದು?"

"ದಢಾರ್," ಎಂದರು ಮೇಷ್ಟ್ರು. ಹೇಳುತ್ತಿದ್ದಂತೆ ಅವರಿಗೆ ಅರ್ಥವಾಯಿತು. "ಅಯ್ಯೋ. ಆಮೇಲೆ ಕಿರ್ ಕಿರ್."

"ಗಾಡಿ ಬಿತ್ತು. ಆಮೇಲೆ ಯಾರೋ ಕೂತು ಜಾಕ್ ಇಳಿಸಿದ್ರು, ಅದೇ ಕೂತುಹೋಯ್ತು ಅಂತ ಕಾಣಲಿ ಅಂತ. ಯಾರು? ಮೇಷ್ಟ್ರಿಗೆ ಕುಕ್ಕರುಗಾಲಲ್ಲಿ ಕೂರೋಕಾಗಲ್ಲ. ಬೋಲ್ಟಪ್ಪ ಸುಳ್ಳು ಮಾಡಬೇಕಾಗಿದ್ರೆ ಜಾಕನ್ನ ಪಕ್ಕಕ್ಕೆ ತಳ್ಳಿ 'ಜಾರಿತು' ಅಂತಿದ್ದ. ಸ್ಕ್ರೂ ಜಾಕ್ ಕೂರಲ್ಲ ಅಂತ ಅವನಿಗೆ ನಿದ್ದೇಲೂ ಗೊತ್ತು. ಜಾಕ್ ಅಂದ್ರೆ ಮೆಲ್ಲಗೆ ಇಳಿಯೋದೇ ಅನ್ನೋದು ಯಾರ ತಲೇಲಿ ಇರತ್ತೆ? ಹುಟ್ಟಾ ಎಣ್ಣೆ ಜಾಕಲ್ಲೇ ಕೆಲಸ ಮಾಡಿದೋರ ತಲೇಲಿ."

ಟೈರಣ್ಣ ಕಿಟಕಿಯಾಚೆ ನೋಡುತ್ತಿದ್ದ. ತಾಯಿ ದೊಡ್ಡ ಮಗನನ್ನು ನೋಡಿದರು, ಮತ್ತೆ ಅತ್ತಿಗೆಯನ್ನು ನೋಡಿದರು.

"ಗಾಡಿ ಯಾಕೆ ಬಿತ್ತು? ಮೇಲಿಂದ ಯಾರೋ ಒತ್ತಿದ್ರಿಂದ. ನಿನ್ನೆ ಡಿಪೋ ನೋಡಿದೆ. ಲಾರಿ ಜಾಕ್ ಮೇಲಿದ್ರೂ ಜನ ಅದರ ಮೇಲೇ ಕೂತಿರ್ತಾರೆ, ಮಲಗಿರ್ತಾರೆ. ಲಾರಿಗೆ ಒಬ್ಬ ಮನುಷ್ಯ ಲೆಕ್ಕಕ್ಕೇ ಇಲ್ಲ. ಮೋಟಾರ್‌ ಸೈಕಲ್ಲಿಗೆ ಹಾಗಲ್ಲ." ಅವರು ಕಾಗದ ತೆರೆದು ಜಾಕನ್ನು ಎಂಟೂವರೆ ಇಂಚಿಗೆ ಸರಿಯಾಗಿ ಏರಿಸಿದರು. "ಇಲ್ಲಿಂದ ಸಿಕ್ಕಾಗ ಇದ್ದ ಮಟ್ಟಕ್ಕೆ ಎಷ್ಟು ಸುತ್ತು ಅಂತ ಎಣಿಸೋಣ. ನೀನು ಎಣಿಸು."

ನಾನು ಎಣಿಸಿದೆ. ನೆಲ ಅಡ್ಡ ಬರುವುದರಿಂದ ಒಂದೊಂದು ಸುತ್ತಿನಲ್ಲೂ ಎರಡು ಸಲ ಸ್ಪ್ಯಾನರ್ ತೆಗೆದು ಹಾಕಬೇಕು. ಕಿರ್. ನಿಲ್ಲುವುದು. ಕಿರ್. ಐದು. ಆರು. ಪರದೆಯಾಚೆ ಯಾರೋ ಕೆಮ್ಮುತ್ತಿದ್ದವರು ಸುಮ್ಮನಾದರು. ಹನ್ನೆರಡು. ಮಂಚದ ಮೇಲಿದ್ದಾತ ತನ್ನ ಕಾಲನ್ನೇ ನೋಡುತ್ತಿದ್ದ. ಇಷ್ಟು ಹೊತ್ತೂ ತಾನು ಗಾಡಿಯಡಿಯಲ್ಲಿ ಬಿದ್ದಿದ್ದೆ ಎಂದು ಅವನಿಗೆ ಹೊಳೆದಿರಬೇಕು. ಹದಿನೇಳು. ಹದಿನೆಂಟು.

"ಸಾಕು ನಿಲ್ಲಿಸಿ," ಎಂದ ಟೈರಣ್ಣ.

ಅತ್ತಿಗೆ ನಿಲ್ಲಿಸಿದರು. ಅವನು ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತ.

"ಡಬಲ್ ಶಿಫ್ಟ್ ಮುಗಿಸಿ ಬಂದಿದ್ದೆ. ಕಾಲು ಬಿದ್ದುಹೋಗ್ತಿತ್ತು. ಇವನ ಜೊತೆ ಎರಡು ಮಾತಾಡೋಣ ಅಂತ ಸೀಟಿನ ಮೇಲೆ ಹತ್ತಿ ಕೂತೆ. ಸಣ್ಣವರಿದ್ದಾಗಿಂದ ಹಂಗೇ, ಅವನು ಕೆಳಗೆ ಬಿಚ್ಚೋದು, ನಾನು ಮೇಲೆ ಕೂತು ಹರಟೆ ಹೊಡೆಯೋದು. ಗಾಡಿ ಆ ಕಡೆ ವಾಲ್ತು. ನಾನು ಈ ಕಡೆ ಹಾರಿದೆ. ಅವನು ಅಲುಗಾಡ್ಲಿಲ್ಲ. ಹೋದ ಅನ್ಕೊಂಡೆ. ಒಳಗೆ ಅಮ್ಮ ಇದ್ಲು. ಅಮ್ಮನಿಗೆ ಏನಂತ ಹೇಳ್ಲಿ? ಅಷ್ಟೊತ್ತಿಗೆ ಸ್ಪ್ಯಾನರ್ ಕಣ್ಣಿಗೆ ಬಿತ್ತು. ಹೋದವನಿಗೆ ಇನ್ನೇನು ಅವಸರ ಅನ್ನಿಸ್ತು."

ತಾಯಿಯ ಬಾಯಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ.

"ಒಂದು ನಂಗೆ ತಿಳೀಲಿಲ್ಲಪ್ಪ," ಎಂದರು ಅತ್ತಿಗೆ. ಇಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇನ್ನು ಐದು ಸುತ್ತು ತಿರುಗಿಸಿದ್ರೆ ಪೂರ್ತಿ ಕೂರ್ತಿತ್ತು. ಯಾಕೆ ನಿಲ್ಲಿಸಿದೆ?"

ಟೈರಣ್ಣ ಮಂಚದ ಕಡೆ ತಿರುಗಿದ.

"ಅವನು 'ಅಣ್ಣಾ' ಅಂದ."

ಬೋಲ್ಟು ಪರದೆಯ ಹೊರಗೆ ಹೋಗಿ ನಿಂತ. ಅತ್ತಿಗೆ ಸ್ಪ್ಯಾನರನ್ನು ಕೆಳಗಿಟ್ಟು, "ಜಾಕ್ ಇಳಿಸಿದ ಆ ಒಂದೂವರೆ ನಿಮಿಷದಿಂದ ಕಾಲಿಗೆ ಹೆಚ್ಚೇನೂ ಆಗಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಬಿದ್ದಾಗಲೇ ಮುರಿದಿತ್ತು. ಅದನ್ನೂ ತೂಕಕ್ಕೆ ಹಾಕಬೇಕು," ಎಂದರು.

"ದಿನಾ ನಂಗೆ ತಿಂಡಿ ಆಯ್ತಾ ಅಂತ ಕೇಳ್ತಿದ್ರಲ್ಲ ಭಾವಾ," ಎಂದಳು ತಮ್ಮನ ಹೆಂಡತಿ. "ಒಂದು ದಿನವೂ ಬಾಯಿಗೆ ಬರ್ಲಿಲ್ವಾ?"

"ದಿನಾ ಬಂತಮ್ಮ. ದಿನಾ ನುಂಗಿದೆ."

ಮಂಚದ ಮೇಲಿದ್ದಾತ ಅಣ್ಣನ ಕಡೆ ತಿರುಗಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು, "ಅಂದ್ರೆ ನೀನು ತಂದಿದ್ದು ಸರಿಯಾಗೇ ಇದೆ," ಎಂದ. ಅವಳು ತಲೆಯಾಡಿಸಿದಳು. ನಗಲು ಹೋದಳು, ಆಗಲಿಲ್ಲ. ಹದಿಮೂರು ದಿನದ ಅಳು ಒಂದೇ ಸಲ ಬಂತು. ಮಂಚದ ಕಂಬಿಗೆ ಹಣೆ ಒತ್ತಿಕೊಂಡು ಅವಳು ಅತ್ತಳು. ನಾವು ಮುದುಕರು ಎಲ್ಲೆಲ್ಲೋ ನೋಡಿದೆವು.

ಅತ್ತೆ ಎದ್ದು ಸೊಸೆಯ ಬೆನ್ನ ಮೇಲೆ ಕೈಯಿಟ್ಟರು. ಆ ಕೈಗೆ ಅಲ್ಲಿರಲು ತನಗೆ ಹಕ್ಕಿದೆಯೋ ಇಲ್ಲವೋ ತಿಳಿದಂತಿರಲಿಲ್ಲ. "ಮನೆಗೆ ನಡಿಯಮ್ಮ. ಎಷ್ಟು ದಿನದಿಂದ ಸರಿಯಾಗಿ ಮಲಗಿಲ್ಲ ನೀನು."

"ನಾನು ಇಲ್ಲೇ ಇರ್ತೀನಿ ಅತ್ತೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ನಾಳೆ ಬರ್ತೀನಿ ಮನೆಗೆ. ನೀವು ಭಾವನ್ನ ಕರ್ಕೊಂಡು ಹೋಗಿ. ಇವತ್ತು ಅವರನ್ನ ಒಬ್ಬರನ್ನೇ ಬಿಡಬೇಡಿ."

ನರ್ಸಮ್ಮ ಪರದೆ ಸರಿಸಿ ಹೊತ್ತಾಯಿತೆಂದರು. ಟೈರಣ್ಣ ಗೋಡೆ ಹಿಡಿದು ಎದ್ದ. ತಾಯಿ ಅವನ ತೋಳು ಹಿಡಿದರು, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವರು ಬಾಗಿಲ ಹತ್ತಿರ ಹೋದಾಗ ಮಂಚದಿಂದ ದನಿ ಬಂತು.

"ಅಣ್ಣಾ."

ಅವನು ನಿಂತ, ತಿರುಗಲು ಧೈರ್ಯವಾಗಲಿಲ್ಲ.

"ನಾಳೆ ಬರಬೇಡ," ಎಂದ ತಮ್ಮ. ಆಯಾಸದಿಂದ ಕಣ್ಣು ಮುಚ್ಚಿಕೊಂಡಿದ್ದ. "ನಾಡಿದ್ದು ಬಾ."